ಪಿಯುಸಿ ಜೊತೆಗೆ ಕ್ಲಾಟ್: ನಮ್ಮ ಕಡೆಯ ಹುಡುಗ ಹುಡುಗಿಯರು ಹೇಗೆ ಓದಬೇಕು, ಹೇಗೆ ಯೋಚಿಸಬೇಕು

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯಿಂದ ನನಗೆ ಬರುವ ಮೆಸೇಜುಗಳಲ್ಲಿ ಒಂದೇ ಪ್ರಶ್ನೆ ತಿರುಗಿ ತಿರುಗಿ ಬರುತ್ತದೆ. "ಸರ್, ಕ್ಲಾಟ್‌ಗೆ ಯಾವ ಲಾ ಪುಸ್ತಕ ಓದಬೇಕು?" ಕ್ಲಾಟ್ ಅಂದರೆ ಪಿಯುಸಿ ಆದ ಮೇಲೆ ರಾಷ್ಟ್ರೀಯ ಕಾನೂನು ವಿವಿಗಳ ಲಾ ಕೋರ್ಸಿಗೆ ಸೇರಲು ಬರೆಯುವ ಪ್ರವೇಶ ಪರೀಕ್ಷೆ. ಉತ್ತರ ಒಂದೇ ಸಾಲು: ಯಾವ ಲಾ ಪುಸ್ತಕವೂ ಬೇಡ. ಅಷ್ಟು ಹೇಳಿದರೆ ಯಾರೂ ನಂಬಲ್ಲ. ಸುಮ್ನೆ ತಪ್ಪಿಸಿಕೊಳ್ಳುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಅದಕ್ಕೇ ಒಂದು ಸಲ ಉದ್ದಕ್ಕೆ ಬರೆದುಬಿಡೋಣ ಅಂತ ಕೂತಿದ್ದೇನೆ.

ಮೊದಲು ಒಂದು ವಿಷಯ. ಬಳ್ಳಾರಿ ಕೋರ್ಟಿನಲ್ಲೋ ಸಿಂಧನೂರು ಕೋರ್ಟಿನಲ್ಲೋ ವಕೀಲಿ ಮಾಡಬೇಕು ಅಂದರೆ ಕ್ಲಾಟ್ ಬರೆಯಲೇಬೇಕು ಅಂತಿಲ್ಲ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಪಿಯುಸಿ ಅಂಕಗಳ ಮೇಲೆ ಐದು ವರ್ಷದ ಕೋರ್ಸಿಗೆ ಸೀಟು ಸಿಗುತ್ತದೆ. ಅಂಥ ಕಾಲೇಜುಗಳು ನಮ್ಮ ಕಡೆಯೂ ಇವೆ. ಕ್ಲಾಟ್ ಬೇಕಾಗುವುದು ಬೆಂಗಳೂರು ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್, ಹೈದರಾಬಾದಿನ ನಲ್ಸಾರ್ ಇಂಥ ರಾಷ್ಟ್ರೀಯ ಕಾನೂನು ವಿವಿಗಳಿಗೆ. ದೇಶದಲ್ಲಿ ಇಂಥವು ಇಪ್ಪತ್ತಕ್ಕೂ ಜಾಸ್ತಿ ಇವೆ. ದೆಹಲಿಯದ್ದು ಮಾತ್ರ ಐಲೆಟ್ ಅಂತ ಬೇರೆ ಪರೀಕ್ಷೆ ಇಟ್ಟುಕೊಂಡಿದೆ. ಇವುಗಳ ಫೀಸು ವರ್ಷಕ್ಕೆ ಲಕ್ಷಗಳ ಲೆಕ್ಕದಲ್ಲಿರುತ್ತದೆ. ಸ್ಕಾಲರ್‌ಶಿಪ್, ಎಜುಕೇಶನ್ ಲೋನ್ ಮಾತನ್ನು ರ‍್ಯಾಂಕ್ ಬಂದ ಮೇಲಲ್ಲ, ಇವತ್ತೇ ಮನೆಯಲ್ಲಿ ಎತ್ತಿ.

1. ಪರೀಕ್ಷೆಯ ಸ್ವರೂಪ ತಿಳಿದುಕೊಳ್ಳಿ

120 ಪ್ರಶ್ನೆ, 120 ನಿಮಿಷ. ಸರಿ ಉತ್ತರಕ್ಕೆ 1 ಅಂಕ, ತಪ್ಪಿಗೆ 0.25 ಕಡಿತ. ಕಂಪ್ಯೂಟರ್ ಇಲ್ಲ. ಪೇಪರು, ಪೆನ್ನು ಮತ್ತು ಓಎಂಆರ್ ಶೀಟು, ಅಂದರೆ ಗೋಲ ತುಂಬುವ ಉತ್ತರ ಪತ್ರಿಕೆ. ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಐದು ಭಾಗ ಇರುತ್ತವೆ: ಇಂಗ್ಲಿಷ್ 22–26 ಪ್ರಶ್ನೆ, ಕರೆಂಟ್ ಅಫೇರ್ಸ್ ಮತ್ತು ಜಿಕೆ 28–32, ಲೀಗಲ್ ರೀಸನಿಂಗ್ 28–32, ಲಾಜಿಕಲ್ ರೀಸನಿಂಗ್ 22–26, ಗಣಿತ 10–14.

ಯಾವ ಭಾಗದಲ್ಲೂ ಪ್ರಶ್ನೆ ಬಿಡಿಬಿಡಿಯಾಗಿ ಬರಲ್ಲ. ಮೊದಲು ಸುಮಾರು 450 ಪದಗಳ ಒಂದು ಪ್ಯಾಸೇಜ್, ಅದರ ಕೆಳಗೆ ಪ್ರಶ್ನೆಗಳು. ಒಂದಕ್ಕೆ ಐದಾರು ಪ್ರಶ್ನೆ ಅಂತ ಹಿಡಿದರೆ 20ರಿಂದ 24 ಪ್ಯಾಸೇಜ್ ಆಯಿತು. ಗಣಿತದ್ದು ಚಿಕ್ಕದಿರುತ್ತದೆ ಅಂತ ಬಿಟ್ಟರೂ ಎರಡು ಗಂಟೆಯಲ್ಲಿ ಎಂಟೊಂಬತ್ತು ಸಾವಿರ ಇಂಗ್ಲಿಷ್ ಪದ ಓದಬೇಕು, ಓದಿದ್ದು ಅರ್ಥ ಆಗಬೇಕು, ಆಮೇಲೆ ಉತ್ತರ ಹುಡುಕಬೇಕು. ಇದು ಕಾನೂನಿನ ಪರೀಕ್ಷೆ ಅಂತ ಹೆಸರಿಗಷ್ಟೇ. ಅಸಲಿಗೆ ಓದಿನ ಪರೀಕ್ಷೆ. ಜಿಕೆ ಒಂದು ಬಿಟ್ಟರೆ ಉಳಿದ ನಾಲ್ಕೂ ಭಾಗದಲ್ಲಿ ಉತ್ತರ ನಿಮ್ಮ ಕಣ್ಣ ಮುಂದಿರುವ ಪುಟದಲ್ಲೇ ಇರುತ್ತದೆ. ಅದನ್ನು ಹುಡುಕಿ ತೆಗೆಯುವುದನ್ನು ಕಲಿಯಬೇಕು, ಅಷ್ಟೇ.

ಯಾರು ಬರೆಯಬಹುದು? ಪಿಯುಸಿಯಲ್ಲಿ ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದಾದರೂ ಆಗುತ್ತದೆ. ಸಾಮಾನ್ಯ ವರ್ಗಕ್ಕೆ 45%, ಎಸ್‌ಸಿ, ಎಸ್‌ಟಿಗೆ 40% ಬೇಕು. ಸೆಕೆಂಡ್ ಪಿಯುಸಿ ಓದುತ್ತಿರುವವರೂ ಬರೆಯಬಹುದು. ವಯಸ್ಸಿನ ಮಿತಿ ಇಲ್ಲ.

2. ಕ್ಯಾಲೆಂಡರ್ ಹಾಕಿಕೊಳ್ಳಿ

ಈಚಿನ ವರ್ಷಗಳಲ್ಲಿ ಕ್ಲಾಟ್ ನಡೆಯುತ್ತಿರುವುದು ಡಿಸೆಂಬರ್ ಮೊದಲ ಭಾನುವಾರ, ಮಧ್ಯಾಹ್ನ 2ರಿಂದ 4. 2025ರ ಕ್ಲಾಟ್ ನಡೆದದ್ದು 2024ರ ಡಿಸೆಂಬರ್ 1ಕ್ಕೆ, 2026ರದ್ದು 2025ರ ಡಿಸೆಂಬರ್ 7ಕ್ಕೆ. ಅಂದರೆ ಹೆಸರಿನಲ್ಲಿರುವ ವರ್ಷಕ್ಕಿಂತ ಮೊದಲೇ ಪರೀಕ್ಷೆ ಮುಗಿದಿರುತ್ತದೆ! ಇಲ್ಲೇ ಪ್ರತಿ ವರ್ಷ ಕೆಲವರು ಎಡವುತ್ತಾರೆ. ಮಾರ್ಚ್‌ನಲ್ಲಿ ಸೆಕೆಂಡ್ ಪಿಯುಸಿ ಮುಗಿಸಿ "ಈಗ ಕ್ಲಾಟ್‌ಗೆ ಅರ್ಜಿ ಹಾಕ್ತೀನಿ" ಅಂತ ಬರುತ್ತಾರೆ. ಅಷ್ಟೊತ್ತಿಗೆ ರ‍್ಯಾಂಕೂ ಬಂದು ಕೌನ್ಸೆಲಿಂಗೂ ನಡೆದಿರುತ್ತದೆ. ಅರ್ಜಿ ಜುಲೈ–ಆಗಸ್ಟ್‌ನಲ್ಲಿ ಶುರುವಾಗಿ ಅಕ್ಟೋಬರ್ ಆಸುಪಾಸಿಗೆ ಮುಗಿಯುತ್ತದೆ. ಆದ್ದರಿಂದ ಫಸ್ಟ್ ಪಿಯುಸಿ ಮುಗಿದ ಏಪ್ರಿಲ್‌ನಲ್ಲಿ ಶುರು ಮಾಡಿದರೆ ಎಂಟು ತಿಂಗಳು ಕೈಯಲ್ಲಿರುತ್ತದೆ. ದಿನಕ್ಕೆ ಎರಡು ಗಂಟೆ ಸಾಕು. ಆದರೆ ದಿನಾ ಆಗಬೇಕು.

ಅರ್ಜಿ ಫೀಸು ಈಚಿನ ವರ್ಷಗಳಲ್ಲಿ 4,000 ರೂಪಾಯಿ ಇದೆ. ಎಸ್‌ಸಿ, ಎಸ್‌ಟಿ, ಬಿಪಿಎಲ್‌ನವರಿಗೆ 3,500.

ಮೀಸಲಾತಿ ಬಗ್ಗೆ ಒಂದು ಎಚ್ಚರಿಕೆ. ನಮ್ಮ ಕಡೆಯವರು ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರ ಇದೆ, ಹಾಗಾಗಿ ಎಲ್ಲ ಕಡೆ ಸೀಟು ಸಲೀಸು ಅಂತ ನಂಬಿಕೊಂಡಿರುತ್ತಾರೆ. ಪ್ರತಿ ಕಾನೂನು ವಿವಿಯ ಮೀಸಲಾತಿ ಪಟ್ಟಿ ಬೇರೆ ಬೇರೆ. ಅದರಲ್ಲಿ ಬರೆದಿದ್ದಷ್ಟೇ ಲೆಕ್ಕಕ್ಕೆ. ಬೆಂಗಳೂರಿನ ಲಾ ಸ್ಕೂಲಿನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ 25% ಇದೆ. ಅದಕ್ಕೆ ರಾಜ್ಯದಲ್ಲಿ ಕನಿಷ್ಠ 10 ವರ್ಷ ಓದಿರಬೇಕು. ಗಡಿ ಊರುಗಳವರು, ಅದರಲ್ಲೂ ಆದೋನಿಯಲ್ಲೋ ಕರ್ನೂಲಿನಲ್ಲೋ ಒಂದಷ್ಟು ವರ್ಷ ಓದಿದ ಬಳ್ಳಾರಿ, ರಾಯಚೂರಿನ ಮಕ್ಕಳು, ಈ ಹತ್ತು ವರ್ಷದ ಲೆಕ್ಕವನ್ನು ಬೆರಳು ಮಡಚಿ ಎಣಿಸಿಕೊಳ್ಳಿ. ಓದಿದ ಶಾಲೆಗಳಿಂದ ವ್ಯಾಸಂಗ ಪ್ರಮಾಣಪತ್ರ, ನಾಡಕಚೇರಿಯಿಂದ ಜಾತಿ, ಆದಾಯದ ಪ್ರಮಾಣಪತ್ರ, ಎಲ್ಲವನ್ನೂ ಜೂನ್‌ನಲ್ಲೇ ಮಾಡಿಸಿಡಿ. ಯಾವ ಮಾದರಿಯದ್ದು ಬೇಕು ಅಂತ ನೋಟಿಫಿಕೇಶನ್ ನೋಡಿಕೊಂಡೇ ಮಾಡಿಸಿ.

3. ಇಂಗ್ಲಿಷ್ ಓದನ್ನು ಪಳಗಿಸಿ

ಕನ್ನಡ ಮೀಡಿಯಂನವರಿಗೆ ಭಯ ಇರುವುದು ಇಲ್ಲೇ. ನಾನು ಸುಳ್ಳು ಸಮಾಧಾನ ಹೇಳಲ್ಲ, ಇದು ಕಷ್ಟವೇ. ಆದರೆ ಇಲ್ಲಿ ಯಾರೂ ನಿಮ್ಮನ್ನು ಇಂಗ್ಲಿಷ್ ಮಾತಾಡಿ ಅನ್ನಲ್ಲ, ಪ್ರಬಂಧ ಬರೆಯಿರಿ ಅನ್ನಲ್ಲ. ಓದಿ ಅರ್ಥ ಮಾಡಿಕೊಂಡರೆ ಸಾಕು. ಎಂಟು ತಿಂಗಳಲ್ಲಿ ಆಗುವ ಕೆಲಸ ಅದು.

ದಿನಾ ಒಂದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ತೆಗೆದುಕೊಳ್ಳಿ. ಮೊದಲ ತಿಂಗಳು ಗಡಿಯಾರ ನೋಡಲೇಬೇಡಿ. ಒಂದು ಪ್ಯಾರಾ ಓದಿ, ಕಣ್ಣು ಎತ್ತಿ, ಅದರಲ್ಲಿ ಏನು ಹೇಳಿದ ಅಂತ ಕನ್ನಡದಲ್ಲಿ ಒಂದೇ ಸಾಲು ಬರೆಯಿರಿ. ಸಾಲುಸಾಲನ್ನೂ ತಲೆಯಲ್ಲೇ ಕನ್ನಡಕ್ಕೆ ತಿರುಗಿಸುತ್ತಾ ಹೋಗಬೇಡಿ, ಅದು ಎತ್ತಿನಗಾಡಿ ಓಟ. ಪ್ಯಾರಾ ಪೂರ್ತಿ ಆದ ಮೇಲೆ ಒಂದು ಸಾಲು. ಕೊನೆಗೆ ಈ ಸಾಲುಗಳನ್ನೇ ಸೇರಿಸಿ ಓದಿದರೆ ಇಡೀ ಲೇಖನದ ವಾದ ಸಿಗಬೇಕು. ಸಿಗಲಿಲ್ಲ ಅಂದರೆ ಎಲ್ಲೋ ಒಂದು "ಹೌಎವರ್" ಅಥವಾ "ಯೆಟ್" ನಿಮ್ಮ ಕಣ್ಣು ತಪ್ಪಿಸಿದೆ ಅಂತಲೇ ಅರ್ಥ. ಈ ಪುಟ್ಟ ಪದಗಳು ಬಂದಲ್ಲಿ ಲೇಖಕ ಮಗ್ಗಲು ಬದಲಿಸುತ್ತಾನೆ. ಪ್ರಶ್ನೆಗಳು ಹುಟ್ಟುವುದೂ ಹೆಚ್ಚಾಗಿ ಅಲ್ಲೇ. ಪೆನ್ಸಿಲ್‌ನಲ್ಲಿ ಸುತ್ತು ಹಾಕಿ.

ಲೇಖಕನ ಧಾಟಿ ಯಾವುದು ಅಂತಲೂ ಕೇಳುತ್ತಾರೆ. ಅದಕ್ಕೆ ಇಪ್ಪತ್ತು ಮೂವತ್ತು ಪದ ಗೊತ್ತಿದ್ದರೆ ಸಾಕು. ಸ್ಕೆಪ್ಟಿಕಲ್ ಅಂದರೆ ಅನುಮಾನದಿಂದ ನೋಡುವವನು. ಆ್ಯಂಬಿವಲೆಂಟ್ ಅಂದರೆ ಅತ್ತಲೂ ಇತ್ತಲೂ ಮನಸ್ಸಿರುವವನು. ಪಟ್ಟಿ ಹಿಡಿದು ಸಾವಿರ ಪದ ಬಾಯಿಪಾಠ ಮಾಡುವುದು ದಂಡ. ಹೊಸ ಪದವನ್ನು ಅದು ಬಂದ ಸಾಲಿನ ಸಮೇತ ಬರೆದುಕೊಳ್ಳಿ, ಆಗ ಮರೆಯಲ್ಲ.

ಎರಡನೇ ತಿಂಗಳಿಂದ ಗಡಿಯಾರ ಇಟ್ಟುಕೊಳ್ಳಿ. 450 ಪದಕ್ಕೆ ಮೊದಲು ಐದು ನಿಮಿಷ, ಆಮೇಲೆ ನಾಲ್ಕು, ಅಕ್ಟೋಬರ್ ಹೊತ್ತಿಗೆ ಎರಡೂವರೆಗೆ ಬನ್ನಿ. ಮೊಬೈಲಿನಲ್ಲಿ ಅಲ್ಲ, ಜೆರಾಕ್ಸ್ ಮಾಡಿಸಿ ಕಾಗದದಲ್ಲಿ ಓದಿ. ಪರೀಕ್ಷೆ ಕಾಗದದಲ್ಲೇ ತಾನೇ ಇರುವುದು? ಬೆರಳಿನಿಂದ ತಳ್ಳಿ ಓದುವ ಕಣ್ಣಿಗೆ ಕಾಗದದ ಪ್ಯಾಸೇಜ್ ಕಂಡರೆ ಯಾಕೋ ಸುಸ್ತಾಗುತ್ತದೆ.

4. ಲೀಗಲ್ ರೀಸನಿಂಗ್: ನಿಯಮ ಒಡೆಯಿರಿ, ಘಟನೆ ಜೋಡಿಸಿ

ಹೆಚ್ಚು ಅಂಕ ತರುವ, ಹೆಚ್ಚು ಜನ ತಪ್ಪಾಗಿ ಓದುವ ಭಾಗ ಇದು. ಪ್ಯಾಸೇಜಿನಲ್ಲಿ ಒಂದು ಪ್ರಿನ್ಸಿಪಲ್ ಇರುತ್ತದೆ, ಅಂದರೆ ಕಾನೂನಿನ ನಿಯಮ. ಪ್ರಶ್ನೆಯಲ್ಲಿ ಫ್ಯಾಕ್ಟ್ಸ್, ಅಂದರೆ ನಡೆದ ಘಟನೆ. ಆ ನಿಯಮವನ್ನು ಈ ಘಟನೆಗೆ ಹಚ್ಚಿ ನೋಡಬೇಕು. ನೀವು ಜಡ್ಜ್ ಅಲ್ಲ, ನ್ಯಾಯ ಹಂಚಲು ಕೂತಿಲ್ಲ. ಚಪ್ಪಲಿ ಅಂಗಡಿಯವನ ಹಾಗೆ ಈ ಅಳತೆ ಈ ಕಾಲಿಗೆ ಕೂರುತ್ತದಾ ಅಂತ ನೋಡುವುದಷ್ಟೇ ಕೆಲಸ.

ಒಂದು ಉದಾಹರಣೆ ನಿಧಾನವಾಗಿ ಮಾಡೋಣ. ಪರೀಕ್ಷೆಯಲ್ಲಿ ಇದು ಇಂಗ್ಲಿಷಿನಲ್ಲಿರುತ್ತದೆ.

ನಿಯಮ: ಜಾಗದ ಸಹಜ ಬಳಕೆಗೆ ಮೀರಿ, ಹೊರಗೆ ಹೋದರೆ ಹಾನಿ ಮಾಡುವಂಥ ವಸ್ತುವನ್ನು ತನ್ನ ಜಾಗದಲ್ಲಿ ತಂದಿಟ್ಟುಕೊಂಡವನು, ಅದು ಆ ಜಾಗ ದಾಟಿ ಹೋಗಿ ಬೇರೆಯವರಿಗೆ ಹಾನಿ ಮಾಡಿದರೆ, ತನ್ನ ಕಡೆಯಿಂದ ಅಜಾಗರೂಕತೆ ಇಲ್ಲದಿದ್ದರೂ ಹೊಣೆಗಾರ. ಆದರೆ ಆ ಹಾನಿ ಸಂಬಂಧವಿಲ್ಲದ ಹೊರಗಿನವನ ಕೃತ್ಯದಿಂದ ಆಗಿದ್ದರೆ, ಮತ್ತು ಮಾಲೀಕ ಅದನ್ನು ಮೊದಲೇ ಊಹಿಸಲು ಸಾಧ್ಯವಿರಲಿಲ್ಲ ಎಂದಾದರೆ ಹೊಣೆ ಇಲ್ಲ.

ಘಟನೆ: ಕಾರಟಗಿ ಹತ್ತಿರ ಒಂದು ರೈಸ್ ಮಿಲ್. ಕುಸುಬಲಕ್ಕಿಗೆ ಭತ್ತ ಬೇಯಿಸಿದ ಕೊಳಕು ನೀರನ್ನು ಮಾಲೀಕ ದೊಡ್ಡ ತೊಟ್ಟಿಯಲ್ಲಿ ತುಂಬಿಟ್ಟಿದ್ದಾನೆ. ಒಂದು ರಾತ್ರಿ ಕಳ್ಳರು ಬಂದು ತೊಟ್ಟಿಯ ಕಬ್ಬಿಣದ ವಾಲ್ವ್ ಕಿತ್ತುಕೊಂಡು ಹೋಗುತ್ತಾರೆ. ನೀರೆಲ್ಲ ಪಕ್ಕದ ರೈತನ ಸಸಿ ಮಡಿಗೆ ನುಗ್ಗಿ ಸಸಿ ಕೊಳೆಯುತ್ತವೆ. ಹಿಂದಿನ ಎರಡು ತಿಂಗಳಲ್ಲಿ ಅದೇ ಜಾಗದಿಂದ ಎರಡು ಸಲ ಕಬ್ಬಿಣ ಕಳುವಾಗಿತ್ತು. ಮಾಲೀಕ ಪೊಲೀಸರಿಗೆ ದೂರು ಕೊಟ್ಟಿದ್ದ, ಕಾವಲು ಇಟ್ಟಿರಲಿಲ್ಲ. ಮಾಲೀಕ ಹೊಣೆಯಾ?

ಎ. ಇಲ್ಲ, ತೊಟ್ಟಿ ಗಟ್ಟಿಯಾಗಿಯೇ ಇತ್ತು, ಅವನ ಅಜಾಗರೂಕತೆ ಇಲ್ಲ.
ಬಿ. ಇಲ್ಲ, ವಾಲ್ವ್ ಕಿತ್ತದ್ದು ಹೊರಗಿನವರು.
ಸಿ. ಹೌದು, ನೀರು ಜಾಗ ದಾಟಿ ಹಾನಿ ಮಾಡಿದೆ, ಕಳ್ಳತನ ಮತ್ತೆ ಆಗಬಹುದೆಂದು ಅವನು ಊಹಿಸಬಹುದಿತ್ತು.
ಡಿ. ಹೌದು, ಮಿಲ್ ಮಾಲೀಕನಿಗೆ ನಷ್ಟ ತಡೆದುಕೊಳ್ಳುವ ಶಕ್ತಿ ರೈತನಿಗಿಂತ ಜಾಸ್ತಿ.

ಮೊದಲು ನಿಯಮ ಒಡೆಯಿರಿ. ಸಹಜ ಬಳಕೆಗೆ ಮೀರಿದ್ದು, ಹೌದು. ಹಾನಿ ಮಾಡುವ ವಸ್ತು, ಹೌದು. ಜಾಗ ದಾಟಿತು, ಹೌದು. ಹಾನಿ ಆಯಿತು, ಹೌದು. ನಾಲ್ಕೂ ಕೂತವು. ಇನ್ನು ವಿನಾಯಿತಿ. ಅದರಲ್ಲಿ ಎರಡು ತುಂಡಿವೆ: ಹೊರಗಿನವನ ಕೃತ್ಯ ಆಗಿರಬೇಕು ಮತ್ತು ಊಹಿಸಲು ಆಗದಂತಿರಬೇಕು. ಮೊದಲನೆಯದು ಕೂರುತ್ತದೆ. ಎರಡನೆಯದು ಕೂರಲ್ಲ, ಯಾಕೆಂದರೆ ಎರಡು ಸಲ ಕಳುವಾಗಿತ್ತು. ಉತ್ತರ ಸಿ.

ಈಗ ಉಳಿದವು ಯಾಕೆ ತಪ್ಪು ಅಂತ ನೋಡಿ, ಕಲಿಯುವುದು ಅಲ್ಲೇ ಇದೆ. ಎ ನೋಡಲು ಚೆಂದ. ಆದರೆ ಅಜಾಗರೂಕತೆ ಇಲ್ಲದಿದ್ದರೂ ಹೊಣೆ ಅಂತ ನಿಯಮವೇ ಹೇಳಿಬಿಟ್ಟಿದೆ. ಬಿ ಅರ್ಧ ನಿಯಮ. "ಮತ್ತು" ಅನ್ನುವ ಪದ ಬಿಟ್ಟು ಓದಿದವರು ಇಲ್ಲಿ ಬೀಳುತ್ತಾರೆ. ಹೆಚ್ಚು ಜನ ಬೀಳುವುದೂ ಇಲ್ಲೇ. ಡಿಯಲ್ಲಿ "ಹೌದು" ಸರಿ, ಕಾರಣ ನಿಯಮದಲ್ಲಿಲ್ಲ. ಅದು ನಮ್ಮ ಕರುಳಿನ ಮಾತು. ಕರುಳಿಗೆ ಅಂಕ ಇಲ್ಲ.

ಮುಂದಿನ ಪ್ರಶ್ನೆಯಲ್ಲಿ ಒಂದೇ ಒಂದು ಎಳೆ ಬದಲಿಸುತ್ತಾರೆ. "ಹಿಂದೆ ಯಾವತ್ತೂ ಕಳ್ಳತನ ಆಗಿರಲಿಲ್ಲ" ಅಂದರೆ? ಉತ್ತರ ಉಲ್ಟಾ, ಬಿ ಕಡೆಗೆ ಹೋಗುತ್ತದೆ. "ನೀರು ಮಿಲ್ ಕಾಂಪೌಂಡಿನ ಒಳಗೇ ಹರಿದು ಕೆಲಸಗಾರನ ಕಾಲು ಸುಟ್ಟಿತು" ಅಂದರೆ? ಜಾಗ ದಾಟಿಲ್ಲ. ಆದ್ದರಿಂದ ಈ ನಿಯಮದಡಿ ಹೊಣೆ ಇಲ್ಲ. ನಮಗೆ ಪಾಪ ಅನ್ನಿಸಬಹುದು, ಅವನಿಗೆ ಬೇರೆ ಕಾನೂನಿನಲ್ಲಿ ಪರಿಹಾರವೂ ಸಿಗಬಹುದು, ಆದರೆ ಕೇಳಿದ್ದು ಈ ನಿಯಮದ ಬಗ್ಗೆ.

ಇದರ ಮೂಲ 1868ರಲ್ಲಿ ಇಂಗ್ಲೆಂಡಿನಲ್ಲಿ ತೀರ್ಮಾನವಾದ ರೈಲ್ಯಾಂಡ್ಸ್ ವರ್ಸಸ್ ಫ್ಲೆಚರ್. ಅಲ್ಲೂ ಒಬ್ಬನ ಜಲಾಶಯದ ನೀರು ಪಕ್ಕದವನ ಗಣಿಗೆ ನುಗ್ಗಿತ್ತು. ನಮ್ಮ ಸುಪ್ರೀಂ ಕೋರ್ಟ್ 1987ರ ಎಂ.ಸಿ. ಮೆಹ್ತಾ ತೀರ್ಪಿನಲ್ಲಿ ಅಪಾಯಕಾರಿ ಉದ್ಯಮಗಳಿಗೆ ಇಂಥ ವಿನಾಯಿತಿಗಳೇ ಇಲ್ಲ ಅಂತ ಒಂದು ಹೆಜ್ಜೆ ಮುಂದೆ ಹೋಯಿತು. ಈಗ ಗೈಡ್ ಬಾಯಿಪಾಠ ಮಾಡಿದವನ ಪಾಡು ನೋಡಿ. ಅವನ ತಲೆಯಲ್ಲಿ 1987 ಕೂತಿದೆ, ಪುಟದಲ್ಲಿ 1868ರ ನಿಯಮ ಇದೆ. ಹಿಂದೆ ಕಳ್ಳತನವೇ ಆಗಿರದ ಆ ಎರಡನೇ ಪ್ರಶ್ನೆಗೆ "ಹೌದು, ಹೊಣೆ, ವಿನಾಯಿತಿನೇ ಇಲ್ಲ" ಅಂತ ಗೋಲ ತುಂಬುತ್ತಾನೆ. ಗೊತ್ತಿದ್ದೂ ಸೋಲುವುದು ಅಂದರೆ ಇದೇ. ನಾನೇ ಮೊದಲ ಮಾಕ್‌ನಲ್ಲಿ, ಅಂದರೆ ಅಭ್ಯಾಸದ ಅಣಕು ಪರೀಕ್ಷೆಯಲ್ಲಿ, ಹೀಗೆ ಆರು ಅಂಕ ಕಳಕೊಂಡಿದ್ದೆ.

ಹಳೆಯ ಗೈಡುಗಳ ಇನ್ನೊಂದು ಅಪಾಯ: ಅವುಗಳಲ್ಲಿ ಇನ್ನೂ ಐಪಿಸಿ, ಅಂದರೆ ಅಪರಾಧ ಮತ್ತು ಶಿಕ್ಷೆಯ ಹಳೆ ಕಾನೂನಿನ ಸೆಕ್ಷನ್‌ಗಳೇ ಇವೆ. 2024ರ ಜುಲೈ 1ರಿಂದ 1860ರ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ತನಿಖೆ, ವಿಚಾರಣೆಯ ಕ್ರಮ ಹೇಳುವ ಸಿಆರ್‌ಪಿಸಿ ಮತ್ತು ಸಾಕ್ಷ್ಯ ಕಾಯ್ದೆಯೂ ಹೋದವು. ಹಳೆ ಪುಸ್ತಕದ ಅಂಗಡಿಯಲ್ಲಿ ಅರ್ಧ ರೇಟಿಗೆ ಸಿಕ್ಕಿತು ಅಂತ ತರಬೇಡಿ.

ಹಾಗಾದರೆ ಕಾನೂನು ಏನೂ ಗೊತ್ತಿರಬೇಕಾಗಿಲ್ವಾ? ಪರಿಚಯ ಇದ್ದರೆ ಓದು ಬೇಗ ಆಗುತ್ತದೆ, ಅಷ್ಟರ ಮಟ್ಟಿಗೆ ಬೇಕು. ಟಾರ್ಟ್ ಅಂದರೆ ಒಪ್ಪಂದ ಇಲ್ಲದೆಯೂ ಒಬ್ಬರು ಇನ್ನೊಬ್ಬರಿಗೆ ಮಾಡುವ, ಪರಿಹಾರ ಕೊಡಬೇಕಾದ ತಪ್ಪು. ಆಫರ್ ಅಂದರೆ ಒಪ್ಪಿಕೊಂಡ ಕೂಡಲೇ ಒಪ್ಪಂದವಾಗುವ ಪ್ರಸ್ತಾಪ. ಬಳ್ಳಾರಿಯ ಜೀನ್ಸ್ ಅಂಗಡಿಯ ಗಾಜಿನ ಹಿಂದೆ 600 ರೂಪಾಯಿ ಚೀಟಿ ಹಚ್ಚಿ ಪ್ಯಾಂಟ್ ನೇತುಹಾಕಿದರೆ ಅದು ಆಫರ್ ಅಲ್ಲ, ಬನ್ನಿ, ನೀವೇ ಆಫರ್ ಮಾಡಿ ಅನ್ನುವ ಕರೆ. ಇಂಥ ಮೂವತ್ತು ನಲವತ್ತು ಪರಿಕಲ್ಪನೆ ಕೇಳಿ ಗೊತ್ತಿದ್ದರೆ ಧಾರಾಳ.

ಕಣ್ಣಿಟ್ಟು ಓದಬೇಕಾದ ಪದಗಳು: ಶಲ್ ಅಂದರೆ ಮಾಡಲೇಬೇಕು, ಮೇ ಅಂದರೆ ಮಾಡಬಹುದು. ಅನ್‌ಲೆಸ್ ಅಂದರೆ ಹಾಗಾಗದ ಹೊರತು. ಪ್ರೊವೈಡೆಡ್ ದಟ್ ಬಂದರೆ ಷರತ್ತು ಬರುತ್ತಿದೆ ಅಂತ. ನಾಟ್‌ವಿತ್‌ಸ್ಟ್ಯಾಂಡಿಂಗ್ ಅಂದರೆ ಬೇರೆಡೆ ಏನೇ ಹೇಳಿದ್ದರೂ ಇದೇ ಮೇಲು.

5. ಲಾಜಿಕಲ್ ರೀಸನಿಂಗ್: ವಾದದ ಬಿರುಕು ಹುಡುಕಿ

ಇಲ್ಲಿ ರಕ್ತಸಂಬಂಧ, ದಿಕ್ಕು, ಕೋಡಿಂಗ್ ಅಂತ ಬ್ಯಾಂಕ್ ಪರೀಕ್ಷೆ ಪುಸ್ತಕ ಹಿಡಿದು ತಿಂಗಳುಗಟ್ಟಲೆ ಕೂರಬೇಡಿ. ಮುಖ್ಯವಾಗಿ ಕೇಳುವುದು ವಾದದ ಬಗ್ಗೆ. ಮೂರು ಪದ ಗೊತ್ತಿರಲಿ. ಪ್ರೆಮಿಸ್ ಅಂದರೆ ಆಧಾರ. ಕನ್‌ಕ್ಲೂಶನ್ ಅಂದರೆ ತೀರ್ಮಾನ. ಅಸಂಪ್ಷನ್ ಅಂದರೆ ಬಾಯಿಬಿಟ್ಟು ಹೇಳದೆ ಒಳಗೇ ನಂಬಿಕೊಂಡದ್ದು.

ಸಿಂಧನೂರು ತಾಲ್ಲೂಕಿನ ಒಂದು ಕಾಲೇಜಿಗೆ ಜುಲೈ ಕೊನೆಯಲ್ಲಿ ಬೆಳಗಿನ ಬಸ್ ಶುರುವಾಯಿತು ಅಂದುಕೊಳ್ಳಿ. ಸೆಪ್ಟೆಂಬರ್‌ನಲ್ಲಿ ಹಾಜರಾತಿ ಏರಿತು. ಪ್ರಿನ್ಸಿಪಾಲರು ಹೇಳುತ್ತಾರೆ, "ನೋಡಿದ್ರಾ, ಬಸ್ ಇಲ್ಲದ್ದಕ್ಕೇ ಮಕ್ಕಳು ಬರ್ತಿರಲಿಲ್ಲ." ಆಧಾರ ಎರಡು: ಬಸ್ ಬಂತು, ಹಾಜರಾತಿ ಏರಿತು. ತೀರ್ಮಾನ: ಬಸ್ಸೇ ಕಾರಣ. ಒಳಗಿನ ನಂಬಿಕೆ: ಆ ಹೊತ್ತಿನಲ್ಲಿ ಬೇರೆ ಏನೂ ಬದಲಾಗಿಲ್ಲ.

ನಂಬಿಕೆ ಸರಿಯಾಗಿ ಹಿಡಿದಿದ್ದೀರಾ ಅಂತ ನೋಡಲು ಅದನ್ನು ಉಲ್ಟಾ ಮಾಡಿ. "ಬೇರೆ ಏನೋ ಬದಲಾಗಿತ್ತು" ಅಂದರೆ ವಾದ ಕುಸಿಯುತ್ತದಾ? ಕುಸಿಯುತ್ತದೆ. ಹಾಗಾದರೆ ಅದೇ ಅಸಂಪ್ಷನ್. ಇದಕ್ಕೆ ನೆಗೇಶನ್ ಟೆಸ್ಟ್ ಅನ್ನುತ್ತಾರೆ.

ವಾದ ದುರ್ಬಲ ಮಾಡಿ ಅಂದರೆ? ಆಗಸ್ಟ್‌ನಲ್ಲಿ ನಾಟಿ ಕೆಲಸ ಜೋರಾಗಿತ್ತು, ಸೆಪ್ಟೆಂಬರ್ ಹೊತ್ತಿಗೆ ಮುಗಿದು ಮಕ್ಕಳು ಬಿಡುವಾದರು ಅನ್ನುವ ಆಯ್ಕೆ ಹೊಡೆತ ಕೊಡುತ್ತದೆ. ಬಸ್ ಹತ್ತದ, ಕಾಲೇಜಿನ ಪಕ್ಕದಲ್ಲೇ ಮನೆಯಿರುವ ಮಕ್ಕಳ ಹಾಜರಾತಿಯೂ ಅಷ್ಟೇ ಏರಿದೆ ಅನ್ನುವುದು ಇನ್ನೂ ದೊಡ್ಡ ಹೊಡೆತ. ಬಸ್ ದಿನಾ ಹತ್ತು ನಿಮಿಷ ತಡ ಅನ್ನುವುದು? ಬಸ್ಸಿನ ಮಾತೇ, ಆದರೆ ವಾದಕ್ಕೆ ತಾಗಲ್ಲ. ಇಂಥ ಆಯ್ಕೆಗಳನ್ನು ಬೇಕಂತಲೇ ಇಟ್ಟಿರುತ್ತಾರೆ, ಪ್ಯಾಸೇಜಿನ ಪದ ಕಂಡ ಕೂಡಲೇ ಕೈ ಅಲ್ಲಿಗೇ ಹೋಗಲಿ ಅಂತ.

"ಎಲ್ಲರೂ", "ಯಾವತ್ತೂ", "ಮಾತ್ರ" ಅಂತ ಗಟ್ಟಿಯಾಗಿ ಹೇಳುವ ಆಯ್ಕೆಯನ್ನು ಅನುಮಾನಿಸಿ. ಪ್ಯಾಸೇಜ್ "ಕೆಲವರು" ಅಂದಿದ್ದರೆ ಉತ್ತರವೂ ಕೆಲವರ ಬಗ್ಗೆಯೇ ಇರಬೇಕು. ಇದರ ಅಭ್ಯಾಸಕ್ಕೆ ಪುಸ್ತಕವೇ ಬೇಕಿಲ್ಲ. ಟಿವಿ ಚರ್ಚೆ ಹತ್ತು ನಿಮಿಷ ನೋಡಿ, ಬಿರುಕುಗಳು ಬೇಕಾದಷ್ಟು ಸಿಗುತ್ತವೆ.

6. ಕರೆಂಟ್ ಅಫೇರ್ಸ್: ಒಂದು ಸುದ್ದಿ, ನಾಲ್ಕು ಮಗ್ಗಲು

ಇದೊಂದು ಭಾಗದಲ್ಲಿ ಮಾತ್ರ ಪ್ಯಾಸೇಜ್ ಓದಿದರೂ ಉತ್ತರ ಸಿಗಲ್ಲ. ಹೊರಗಿನದ್ದು ಗೊತ್ತಿರಲೇಬೇಕು. ದಿನಕ್ಕೆ ಐವತ್ತು ಒಂದು ಸಾಲಿನ ಸುದ್ದಿ ಬರೆದುಕೊಳ್ಳುವ ಹುಡುಗರನ್ನು ನೋಡಿದ್ದೇನೆ. ನವೆಂಬರ್‌ನಲ್ಲಿ ಆ ನೋಟ್‌ಬುಕ್ ತೆರೆಯುವ ಧೈರ್ಯ ಯಾರಿಗೂ ಇರಲ್ಲ.

ವಾರಕ್ಕೆ ಆರೇಳು ದೊಡ್ಡ ಸುದ್ದಿ ಆರಿಸಿ, ಆಳಕ್ಕೆ ಹೋಗಿ. ನಮ್ಮದೇ ಒಂದು ಸುದ್ದಿಯಲ್ಲಿ ತೋರಿಸುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತು. ಗಂಗಾವತಿಯಿಂದ ರಾಯಚೂರಿನ ತನಕ ಆವತ್ತು ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲ, ನಿಮಗೂ ನೆನಪಿರಬೇಕು. ಮೊದಲ ಮಗ್ಗಲು, ಏನಾಯಿತು: 33 ಗೇಟುಗಳಲ್ಲಿ ಒಂದು ಹೋಯಿತು, ವಾರದೊಳಗೆ ಸ್ಟಾಪ್‌ಲಾಗ್ ಅಂದರೆ ತಾತ್ಕಾಲಿಕ ಉಕ್ಕಿನ ತಡೆ ಕೂರಿಸಿ ನೀರು ಉಳಿಸಿಕೊಂಡರು. ಎರಡನೆಯದು, ಭೂಗೋಳ: ಕೂಡ್ಲಿಯಲ್ಲಿ ತುಂಗೆ ಭದ್ರೆ ಸೇರಿ ಆದ ನದಿ, ಮುಂದೆ ಕೃಷ್ಣೆಗೆ ಸೇರುತ್ತದೆ. ಮೂರನೆಯದು, ಯಾರ ಕೈಯಲ್ಲಿದೆ: ಕರ್ನಾಟಕ, ಆಂಧ್ರ, ತೆಲಂಗಾಣ ಮೂರಕ್ಕೂ ಸಂಬಂಧಪಟ್ಟದ್ದು, ನೋಡಿಕೊಳ್ಳುವುದು ತುಂಗಭದ್ರಾ ಮಂಡಳಿ. ನಾಲ್ಕನೆಯದು, ಕಾನೂನು: ರಾಜ್ಯಗಳ ನಡುವಿನ ನೀರಿನ ಜಗಳಕ್ಕೆ ಸಂವಿಧಾನದ 262ನೇ ವಿಧಿ, ಜೊತೆಗೆ 1956ರ ಅಂತರರಾಜ್ಯ ನದಿ ನೀರು ವಿವಾದ ಕಾಯ್ದೆ. ಕಾವೇರಿ, ಮಹದಾಯಿ, ಕೃಷ್ಣಾ ಯಾವ ಪ್ಯಾಸೇಜ್ ಬಂದರೂ ಈ ನಾಲ್ಕನೇ ಮಗ್ಗಲು ಉಪಯೋಗಕ್ಕೆ ಬರುತ್ತದೆ.

ಸುದ್ದಿಯ ಕಾನೂನಿನ ಮಗ್ಗಲನ್ನು ಬಿಡಲೇಬೇಡಿ.

7. ಗಣಿತಕ್ಕೆ ಹೆದರಬೇಡಿ, ಬಿಡಲೂಬೇಡಿ

ಹತ್ತನೇ ಕ್ಲಾಸಿನ ಮಟ್ಟ. ಶೇಕಡಾ, ಅನುಪಾತ, ಸರಾಸರಿ, ಲಾಭ-ನಷ್ಟ, ಟೇಬಲ್ ಮತ್ತು ಗ್ರಾಫ್ ಓದುವುದು. ಆರ್ಟ್ಸ್‌ನವರು ಪೂರ್ತಿ ಬಿಟ್ಟುಬಿಡುತ್ತಾರೆ, ಅದು ಹತ್ತು ಹನ್ನೆರಡು ಅಂಕವನ್ನು ಕೈಯಾರೆ ಚೆಲ್ಲಿದ ಹಾಗೆ. ಎಸ್ಸೆಸ್ಸೆಲ್ಸಿ ಪುಸ್ತಕದ ಲೆಕ್ಕಗಳನ್ನೇ ದಿನಕ್ಕೆ ಇಪ್ಪತ್ತು ನಿಮಿಷ ಮಾಡಿ. ಒಂದು ಬಲೆ ಹೇಳಿಬಿಡುತ್ತೇನೆ: ಹತ್ತಿ ರೇಟು 20% ಏರಿ ಆಮೇಲೆ 20% ಇಳಿದರೆ ಮೊದಲಿನ ಜಾಗಕ್ಕೇ ಬರಲ್ಲ. 100 ಇದ್ದದ್ದು 120 ಆಗಿ, 96ಕ್ಕೆ ಇಳಿಯುತ್ತದೆ.

8. ಮಾಕ್ ಬರೆಯಿರಿ, ಆಮೇಲೆ ತಪ್ಪುಗಳ ಜೊತೆ ಕೂರಿ

ಹಿಂದಿನ ವರ್ಷದ ಪ್ರಶ್ನೆಪತ್ರಿಕೆಗಳು ಪರೀಕ್ಷೆ ನಡೆಸುವ ಕನ್ಸಾರ್ಷಿಯಂನ ವೆಬ್‌ಸೈಟಿನಲ್ಲೇ ಪುಕ್ಕಟೆ ಸಿಗುತ್ತವೆ. ಅವು ಚಿನ್ನ. 2020ಕ್ಕಿಂತ ಹಿಂದಿನವು ಬೇರೆ ಮಾದರಿಯವು, ಬಿಡಿ. ಕೋಚಿಂಗ್ ಬೇಕಾ ಅಂತ ಕೇಳುತ್ತೀರಿ. ಮಾಕ್ ಟೆಸ್ಟ್ ಸರಣಿ ಒಂದು ಕೊಂಡರೆ ಸಾಕು ಅಂತ ನನ್ನ ಲೆಕ್ಕ. ಬೆಂಗಳೂರಿನಲ್ಲಿ ರೂಮು ಮಾಡಿ ಲಕ್ಷ ಸುರಿಯುವ ಅಗತ್ಯ ಇಲ್ಲ.

ಆಗಸ್ಟ್‌ನಿಂದ ವಾರಕ್ಕೊಂದು ಮಾಕ್, ಭಾನುವಾರ ಮಧ್ಯಾಹ್ನ 2ರಿಂದ 4ರ ತನಕವೇ. ನಮ್ಮ ಕಡೆ ಅದು ಊಟ ಮಾಡಿ ಕಣ್ಣು ಎಳೆಯುವ ಹೊತ್ತು. ಅದಕ್ಕೇ ಆ ಹೊತ್ತಿಗೇ ಬರೆಯಿರಿ ಅನ್ನುತ್ತಿದ್ದೇನೆ.

ಬರೆಯಲು ಎರಡು ಗಂಟೆ ಹಿಡಿದರೆ ತಪ್ಪು ನೋಡಲು ಮೂರು ಗಂಟೆ ಇಡಿ. ಪ್ರತಿ ತಪ್ಪಿಗೂ ಒಂದು ಸಾಲು ಬರೆಯಬೇಕು. ಒಬ್ಬ ಹುಡುಗಿಯ ನೋಟ್‌ಬುಕ್‌ನಲ್ಲಿ ಹೀಗಿತ್ತು: "ಪ್ರಶ್ನೆ 47. ಬಿ ಹಾಕಿದೆ, ಸಿ ಸರಿ. ಅನ್‌ಲೆಸ್ ನೋಡಲೇ ಇಲ್ಲ. ಇದು ನಾಲ್ಕನೇ ಸಲ." ಆ "ನಾಲ್ಕನೇ ಸಲ" ಅನ್ನುವುದೇ ಮುಖ್ಯ. ತಪ್ಪು ಓದಿದೆನಾ, ಅರ್ಧ ನಿಯಮ ಹಿಡಿದೆನಾ, ಹೊರಗಿನ ಜ್ಞಾನ ತಂದೆನಾ, ಗಡಿಬಿಡಿ ಮಾಡಿದೆನಾ ಅಂತ ವಿಂಗಡಿಸಿ. ಐದಾರು ಮಾಕ್ ಆಗುವಷ್ಟರಲ್ಲಿ ನಿಮ್ಮ ರೋಗ ಯಾವುದು ಅಂತ ಗೊತ್ತಾಗುತ್ತದೆ.

ಸಮಯದ ಹಂಚಿಕೆ ನಾನು ಹೇಳುವುದು ಹೀಗೆ: ಜಿಕೆ 12 ನಿಮಿಷ, ಲೀಗಲ್ 35, ಲಾಜಿಕಲ್ 28, ಇಂಗ್ಲಿಷ್ 25, ಗಣಿತ 14. ಉಳಿದ ಆರು ನಿಮಿಷ ಓಎಂಆರ್ ನೋಡಿಕೊಳ್ಳಲು. ನಿಮಗೆ ಹೊಂದದಿದ್ದರೆ ಬದಲಿಸಿಕೊಳ್ಳಿ, ಆದರೆ ಅಕ್ಟೋಬರ್ ಆದ ಮೇಲೆ ಬದಲಿಸಬೇಡಿ.

ಊಹೆ ಮಾಡಬಹುದಾ? ಲೆಕ್ಕ ನೋಡಿ. ಕಣ್ಣು ಮುಚ್ಚಿ 16 ಪ್ರಶ್ನೆಗೆ ಗೋಲ ತುಂಬಿದರೆ ಸರಾಸರಿ 4 ಸರಿ, 12 ತಪ್ಪು. 4 ಅಂಕ ಬಂದು 3 ಹೋಗುತ್ತದೆ, ಉಳಿದದ್ದು 1. ಎರಡು ಆಯ್ಕೆ ಖಂಡಿತ ತಪ್ಪು ಅಂತ ಗೊತ್ತಿದ್ದು ಉಳಿದ ಎರಡರಲ್ಲಿ ಊಹಿಸಿದರೆ ಅದೇ 16ಕ್ಕೆ 8 ಸರಿ, 8 ತಪ್ಪು. 8ರಲ್ಲಿ 2 ಹೋಗಿ 6 ಉಳಿಯುತ್ತದೆ. ಆದ್ದರಿಂದ ಎರಡನ್ನು ಹೊಡೆದುಹಾಕಲು ಆದರೆ ಧೈರ್ಯವಾಗಿ ಊಹಿಸಿ.

ಓಎಂಆರ್‌ನಲ್ಲಿ ಪೆನ್ನಿನ ಗೋಲ ಅಳಿಸಲು ಆಗಲ್ಲ. ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದವರು ಗೋಲವನ್ನೂ ಬಿಡಲು ಮರೆತು ಸಾಲಾಗಿ ಇಪ್ಪತ್ತು ಉತ್ತರ ಜಾರಿಸಿಕೊಳ್ಳುವುದುಂಟು. ಒಂದೊಂದು ಪ್ಯಾಸೇಜ್ ಮುಗಿದ ಕೂಡಲೇ ಅದರ ಗೋಲಗಳನ್ನು ತುಂಬಿ, ಪ್ರಶ್ನೆ ಸಂಖ್ಯೆ ಬಾಯಲ್ಲಿ ಹೇಳಿಕೊಂಡು ತುಂಬಿ. ಮಾಕ್‌ಗೂ ಓಎಂಆರ್ ಜೆರಾಕ್ಸ್ ಇಟ್ಟುಕೊಳ್ಳಿ.

9. ಪರೀಕ್ಷೆಯ ದಿನ

ಅರ್ಜಿಯಲ್ಲಿ ಪರೀಕ್ಷಾ ಕೇಂದ್ರದ ಊರು ಆರಿಸುವಾಗ ನಕ್ಷೆ ನೋಡಬೇಡಿ, ರೈಲು ನೋಡಿ. ಕೊಪ್ಪಳ, ಹೊಸಪೇಟೆ, ಬಳ್ಳಾರಿ ಕಡೆಯವರಿಗೆ ಬೆಂಗಳೂರಿಗೆ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಇದೆ, ಹುಬ್ಬಳ್ಳಿ ಇನ್ನೂ ಹತ್ತಿರ. ಕೇಂದ್ರ ಹಂಚಿಕೆಯಾದ ದಿನವೇ ಟಿಕೆಟ್ ಮಾಡಿ. ಶುಕ್ರವಾರ ರಾತ್ರಿಯ ರೈಲು ಹಿಡಿಯಿರಿ. ಶನಿವಾರ ರಾತ್ರಿ ಸೀಟಿಲ್ಲದೆ ನಿಂತುಕೊಂಡು ಹೋಗಿ ಭಾನುವಾರ ಮಧ್ಯಾಹ್ನ 120 ಪ್ರಶ್ನೆ ಓದಲು ಆಗಲ್ಲ. ಹಾಲ್ ಟಿಕೆಟ್, ಮೂಲ ಗುರುತಿನ ಚೀಟಿ, ನೀಲಿ ಅಥವಾ ಕಪ್ಪು ಬಾಲ್ ಪೆನ್ನು ಎರಡು.

ಆಮೇಲೆ ಆನ್ಸರ್ ಕೀ ಬರುತ್ತದೆ. ತಪ್ಪು ಕಂಡರೆ ಫೀಸು ಕಟ್ಟಿ ಆಕ್ಷೇಪಣೆ ಹಾಕಬಹುದು. ಅದೇನು ನೆಪಮಾತ್ರದ ಅವಕಾಶ ಅಲ್ಲ. 2025ರ ಕ್ಲಾಟ್‌ನ ಉತ್ತರಗಳ ಜಗಳ ದೆಹಲಿ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್ ತನಕ ಹೋಗಿತ್ತು. ಕೌನ್ಸೆಲಿಂಗ್‌ಗೆ ನೋಂದಾಯಿಸುವಾಗ ಮತ್ತೆ ಸಾವಿರಗಳಲ್ಲಿ ಹಣ ಕಟ್ಟಬೇಕಾಗುತ್ತದೆ, ಮನೆಯಲ್ಲಿ ಮೊದಲೇ ಹೇಳಿಡಿ. ಕಾಲೇಜುಗಳ ಕ್ರಮವನ್ನು ಸ್ನೇಹಿತರ ಪಟ್ಟಿ ನೋಡಿ ತುಂಬಬೇಡಿ, ಫೀಸು ಮತ್ತು ದೂರ ನೋಡಿಕೊಂಡು ತುಂಬಿ.

ಸೋಮವಾರ ಬೆಳಿಗ್ಗೆ ಊರು ಮುಟ್ಟಿದ ಕೂಡಲೇ ಕಾಲೇಜಿಗೆ ಹೋಗಿ. ಪಿಯುಸಿ ಬೋರ್ಡ್ ಪರೀಕ್ಷೆಗೆ ಮೂರೇ ತಿಂಗಳು ಇರುತ್ತದೆ, ನಿಮ್ಮ ಅರ್ಧ ಪೋರ್ಶನ್ ಹಾಗೇ ಬಾಕಿ ಬಿದ್ದಿರುತ್ತದೆ.